ಈಲಿ ಹಾಪ್ಸ್ ಕೈಗೆ ಹತ್ತದಿದ್ದರೆ: ಯೋ-ಯೋ ಕಲಿಯುವವರಿಗೆ ಟಿಪ್ಪಣಿ

ಯೋ-ಯೋವನ್ನು ದಾರದ ಮೇಲಿಂದ ಚಿಮ್ಮಿಸಿ ಮತ್ತೆ ದಾರದ ಮೇಲೇ ಹಿಡಿಯುವ ಈಲಿ ಹಾಪ್ಸ್‌ನಂಥ ಕಷ್ಟದ ಟ್ರಿಕ್ ಕೆಟ್ಟಾಗ ಕಣ್ಣಿಗೆ ಬೀಳುವುದು ಕೊನೆಯ ಹೆಜ್ಜೆ. ತಪ್ಪು ಆಗಿರುವುದು ಸಾಮಾನ್ಯವಾಗಿ ಅದಕ್ಕೂ ಮೊದಲು: ಎಸೆತದಲ್ಲಿ ಅಥವಾ ದಾರದ ಹುರಿಯಲ್ಲಿ. ಹಾಗಾಗಿ ಹಿಂದಿನಿಂದ ಹುಡುಕಬೇಕು.

ದಾರ ಜಗ್ಗಿದರೂ ತಾನಾಗಿ ಮೇಲೆ ಬಾರದ ಅನ್‌ರೆಸ್ಪಾನ್ಸಿವ್ ಯೋ-ಯೋ ಬೇಕು. ಬೈಂಡ್ ಹಾಕಿ (ದಾರದ ಮಡಿಕೆಯನ್ನು ಯೋ-ಯೋದ ಸಂದಿಗೆ ತೂರಿಸಿ) ವಾಪಸ್ ತರಲು ಬಂದಿರಬೇಕು. ಇಂಥವುಗಳಲ್ಲಿ ಹೆಚ್ಚಾಗಿ ಸಿ ಸೈಜಿನ ಬೇರಿಂಗ್ ಇರುತ್ತದೆ (ಹೊರವ್ಯಾಸ 12.7 ಮಿ.ಮೀ., ಒಳವ್ಯಾಸ 6.35 ಮಿ.ಮೀ.). ಚೆನ್ನಾಗಿದ್ದ ಯೋ-ಯೋ ಇದ್ದಕ್ಕಿದ್ದಂತೆ ಮೇಲೇರತೊಡಗಿದರೆ ಬೇರಿಂಗಿನಲ್ಲಿ ಎಣ್ಣೆ ಹೆಚ್ಚಾಗಿದೆ ಅಥವಾ ಕೊಳೆ ಸೇರಿದೆ. ಶೀಲ್ಡ್ (ಬೇರಿಂಗಿನ ಪಕ್ಕದ ಮುಚ್ಚಳ) ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ. ಯೋ-ಯೋ ನೆಲಕ್ಕಿಟ್ಟಾಗ ದಾರ ಹೊಕ್ಕುಳ ಮಟ್ಟಕ್ಕೆ ಬಂದರೆ ಸಾಕು. ಬೆರಳಿನ ಕುಣಿಕೆಗೆ ಒಂದಿಷ್ಟು ಹೆಚ್ಚು ಬಿಟ್ಟು ಕತ್ತರಿಸಿ.

ಇನ್ನು ಈಲಿ ಹಾಪ್ಸ್. ಬಲಗೈಯಲ್ಲಿ ಎಸೆಯುವವರ ಲೆಕ್ಕದಲ್ಲಿ ಹೇಳುವುದಾದರೆ, ಬ್ರೇಕ್‌ಅವೇ (ಯೋ-ಯೋವನ್ನು ಮೈಮುಂದೆ ಪಕ್ಕಕ್ಕೆ ತೂಗಿಸುವ ಎಸೆತ) ಎಸೆದು ದಾರವನ್ನು ಎಡ ತೋರುಬೆರಳ ಮೇಲೆ ಮಡಿಸಿ, ಯೋ-ಯೋವನ್ನು ದಾರದ ಮೇಲೆ ಕೂರಿಸುವ ಟ್ರಪೀಜ್‌ಗೆ ಇಳಿಸಿ. ಯೋ-ಯೋ ತೋರುಬೆರಳಿಗೆ ಹತ್ತಿರದಲ್ಲೇ ಕೂರಬೇಕು. ದೂರ ಕೂತರೆ ಮೇಲೆ ಚಿಮ್ಮುವ ಬದಲು ಪಕ್ಕಕ್ಕೆ ಹಾರುತ್ತದೆ. ಕೈಗಳನ್ನು ಸ್ವಲ್ಪ ಹತ್ತಿರ ತಂದು ದಾರ ಸಡಿಲವಾದೊಡನೆ ಎರಡೂ ಕೈಗಳನ್ನು ಚುರುಕಾಗಿ ಅಗಲಿಸಿ. ಯೋ-ಯೋ ಚಿಮ್ಮಿದ ತಕ್ಷಣ ಬಲಗೈ ಎಡಗೈ ಕಡೆ ಬಂದು ದಾರ ಬಿಟ್ಟುಕೊಡಬೇಕು. ಇಲ್ಲೇ ಹೆಚ್ಚಿನವರು ಎಡವುತ್ತಾರೆ: ಕೈಗಳನ್ನು ಅಗಲಿಸಿಯೇ ನಿಲ್ಲುತ್ತಾರೆ, ಯೋ-ಯೋ ಅರ್ಧಕ್ಕೇ ತಡೆದು ಬೀಳುತ್ತದೆ. ಇಳಿಯುವಾಗ ಬಲಗೈ ಮತ್ತೆ ದೂರ ಸರಿದು ದಾರವನ್ನು ಬಿಗಿಗೆರೆಯಾಗಿ ಹಿಡಿಯಬೇಕು. ಮೊದಲು ಒಂದು ಗೇಣಿನಷ್ಟೇ ಎತ್ತರ ಸಾಕು.

ಪ್ರತಿ ಸಲವೂ ಯೋ-ಯೋದ ಅಂಚೇ ದಾರಕ್ಕೆ ತಗುಲುತ್ತಿದ್ದರೆ ಕೈಗಳನ್ನು ದೂರಬೇಡಿ. ಎಸೆಯುವಾಗ ಮಣಿಕಟ್ಟು ತಿರುಗಿ ಯೋ-ಯೋ ವಾಲಿದೆ. ವಾಲಿದ್ದರೆ ದಾರ ಯೋ-ಯೋದ ಒಂದು ಬದಿಯ ಒಳಗೋಡೆಗೆ ಉಜ್ಜುತ್ತದೆ, ತಿರುಗುವ ವೇಗವೂ ಬೇಗ ಸಾಯುತ್ತದೆ. ನೇರ ಎಸೆತ ಬರುವವರೆಗೆ ಮುಂದಿನ ಹೆಜ್ಜೆ ವ್ಯರ್ಥ (ಇದು ಬೇಸರದ ಅಭ್ಯಾಸ, ನಿಜ).

ಸಡಿಲ ದಾರವನ್ನು ಗಾಳಿಯಲ್ಲಿ ಬೀಸಿ ಆಡುವ ಸ್ಲ್ಯಾಕ್ ಟ್ರಿಕ್‌ಗಳಲ್ಲಿ ಆಟ ಕೆಡಿಸುವುದು ಹುರಿ. ಆಡುತ್ತ ಆಡುತ್ತ ದಾರದ ಹುರಿ ಬದಲಾಗುತ್ತಲೇ ಇರುತ್ತದೆ. ಬಿಗಿ ಹೆಚ್ಚಾದರೆ ಗಾಳಿಯಲ್ಲಿ ಬಿಟ್ಟ ಕುಣಿಕೆ ತನ್ನಷ್ಟಕ್ಕೆ ಸುತ್ತಿಕೊಂಡು ಮುಚ್ಚಿಹೋಗುತ್ತದೆ. ತೀರಾ ಸಡಿಲವಾದರೆ ಆಕಾರ ನಿಲ್ಲದೆ ತೂಗಾಡುತ್ತದೆ. ಕುಣಿಕೆಯನ್ನು ಬೆರಳಿಂದ ತೆಗೆದು, ಯೋ-ಯೋ ಹಿಡಿದು ದಾರವನ್ನು ಕೆಳಗೆ ಇಳಿಬಿಡಿ. ಅದು ತಾನೇ ತಿರುಗಿ ಸಮಸ್ಥಿತಿಗೆ ಬರುತ್ತದೆ.

ಹೊಸ ಟ್ರಿಕ್ ಎಲ್ಲಿಂದ ಬರುತ್ತದೆ? ಬಹುಪಾಲು ಬೇರೆ ಆಟಗಾರರಿಂದ. ಒಂದೇ ಯೋ-ಯೋ ಹಿಡಿದು ದಾರದ ಟ್ರಿಕ್ ಆಡುವ 1ಎ ವಿಭಾಗದಲ್ಲಿ 2004, 2005, 2006, 2012ರಲ್ಲಿ ವಿಶ್ವ ಚಾಂಪಿಯನ್ ಆದ ಜಪಾನಿನ ಹಿರೋಯುಕಿ ಸುಜುಕಿ ಅವರ ಆಟವನ್ನು ಪ್ರಪಂಚದಾದ್ಯಂತ ಹುಡುಗರು ನೋಡಿ ನೋಡಿ ಕಲಿತಿದ್ದಾರೆ. ದಾರವನ್ನು ಬೆರಳಿಗೇ ಕಟ್ಟದೆ ಅದರ ತುದಿಗೆ ಪ್ರತಿಭಾರ ಕಟ್ಟಿ ಆಡುವ 5ಎ ಶೈಲಿಗೆ ಅಮೆರಿಕದ ಸ್ಟೀವ್ ಬ್ರೌನ್ ಕಾರಣಕರ್ತರು. ಸ್ಪರ್ಧೆಯಲ್ಲಿ ತೀರ್ಪುಗಾರರು ಕ್ಲಿಕ್ಕರ್ (ಒತ್ತಿ ಎಣಿಸುವ ಸಾಧನ) ಹಿಡಿದು ಯಶಸ್ವಿ ಅಂಶಕ್ಕೆ ಕೂಡಿಸುತ್ತಾರೆ, ತಪ್ಪಿಗೆ ಕಳೆಯುತ್ತಾರೆ. ಅದನ್ನೇ ಮತ್ತೆ ಮಾಡಿದರೆ ಅಂಕವಿಲ್ಲ. ಆಟಗಾರರು ಹೊಸದನ್ನು ಹುಡುಕುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ.

ಅಂಥ ವಿಡಿಯೊ ನೋಡುವಾಗ ವೇಗವನ್ನು ಕಾಲು ಭಾಗಕ್ಕೆ ಇಳಿಸಿ, ಯೋ-ಯೋ ದಾರದ ಮೇಲೆ ಕೂತ ಪ್ರತಿ ಕ್ಷಣದಲ್ಲಿ ನಿಲ್ಲಿಸಿ. ಯಾವ ಬೆರಳ ಮೇಲೆ ಎಷ್ಟು ಎಳೆ ಇದೆ, ಯೋ-ಯೋ ಯಾವ ಎಳೆಯ ಮೇಲಿದೆ ಎಂದು ಬರೆದುಕೊಳ್ಳಿ. ಮೊದಲು ತಿರುಗದ ಯೋ-ಯೋವನ್ನು ಕೈಯಲ್ಲಿ ಹಿಡಿದು ಆ ಸ್ಥಾನಗಳನ್ನು ಒಂದೊಂದಾಗಿ ಜೋಡಿಸಿ ನೋಡಿ, ಆಮೇಲೆ ಎಸೆಯಿರಿ.

ಗಂಟು ಬಿದ್ದೇ ಬೀಳುತ್ತದೆ. ಜಗ್ಗಬೇಡಿ, ಬಿಗಿಯಾಗುತ್ತದೆ. ಪಿನ್ನಿನಿಂದ ಸಡಿಲಿಸಿ, ಬೇರಿಂಗ್ ಸುತ್ತಿದ ಕುಣಿಕೆಯನ್ನು ಯೋ-ಯೋದ ಒಂದು ಬದಿಯ ಮೇಲಿಂದ ದಾಟಿಸಿ. ಆಗದಿದ್ದರೆ ತಿರುಪು ಬಿಚ್ಚಿ ತೆಗೆಯಿರಿ; ಮತ್ತೆ ಜೋಡಿಸುವಾಗ ಕೈಗೆ ಬಿಗಿ ತಾಗಿದರೆ ನಿಲ್ಲಿಸಿ, ಇನ್ನೂ ತಿರುವಿದರೆ ತಿರುಪಿನ ಸುತ್ತುಗೆರೆಗಳೇ ಸವೆದುಹೋಗುತ್ತವೆ.