ಜೊಲ್ಲಿನ ಗ್ರಂಥಿಯ ಕಲ್ಲು: ಬೋರ್ ನೀರನ್ನು ಬೈಯುವ ಮೊದಲು

ಪ್ರಶ್ನೆ: ನನಗೆ ಶುಗರ್, ಬಿಪಿ ಎರಡೂ ಇವೆ. ಊಟಕ್ಕೆ ಕೂತ ಕೂಡಲೇ ಎಡದವಡೆಯ ಕೆಳಗೆ ಊದಿಕೊಂಡು ನೋಯುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಜೊಲ್ಲಿನ ಗ್ರಂಥಿಯಲ್ಲಿ ಕಲ್ಲು ಅಂದರು. ಇದು ಕಾಯಿಲೆಗಳಿಂದ ಬಂತೋ, ನಮ್ಮ ಬೋರ್ ನೀರಿನಿಂದ ಬಂತೋ?
– ಅರಸೀಕೆರೆಯ ಓದುಗರು

ಉತ್ತರ: ಬಂತು ನೋಡಿ, ಮತ್ತೆ ಬೋರ್ ನೀರು!

ಅರಸೀಕೆರೆ ಕಡೆ ನೀರು ಗಡಸು, ಒಪ್ಪಿದೆ. ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುವವರಿಗೆ ಬಾಯೊಳಗೂ ಹಾಗೇ ಆಗುತ್ತದೆ ಅನ್ನಿಸುವುದು ಸಹಜ. ಆದರೆ ಕುಡಿದ ನೀರು ನೇರ ಗ್ರಂಥಿಯೊಳಗೆ ಹೋಗುವುದಿಲ್ಲ, ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ರಕ್ತ ಸೇರುವ ಕ್ಯಾಲ್ಸಿಯಂ ಅನ್ನು ದೇಹ ಬಹಳ ಬಿಗಿಯಾಗಿ ಹಿಡಿತದಲ್ಲಿ ಇಟ್ಟಿರುತ್ತದೆ. ನೀವು ಒಂದು ಲೋಟ ಜಾಸ್ತಿ ಕುಡಿದಿರಿ ಅಂತ ಜೊಲ್ಲು ಸುಣ್ಣದ ನೀರಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಗಡಸು ನೀರಿನ ಊರುಗಳನ್ನೂ ಮೆದು ನೀರಿನ ಊರುಗಳನ್ನೂ ಹೋಲಿಸಿ ನೋಡಿ, ನೀರಿಗೂ ಈ ಕಲ್ಲಿಗೂ ನಂಟು ಕಾಣಲಿಲ್ಲ ಎಂದು 2000ದಲ್ಲೇ ಬರೆದಿದ್ದಾರೆ. ಸಕಲೇಶಪುರದ ಕಡೆ ಝರಿ ನೀರು ಕುಡಿಯುವವರೂ ಇದೇ ಊತ ಹಿಡಿದುಕೊಂಡು ಬರುತ್ತಾರೆ. ಅವರು ಯಾವ ಬೋರನ್ನು ಬೈಯಬೇಕು?

ಈ ನಂಬಿಕೆ ಸುಮ್ನೆ ಇದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಇದನ್ನು ನಂಬಿ ಹಾಲು, ರಾಗಿಮುದ್ದೆ ಬಿಡುತ್ತಾರೆ. ಮೂಳೆ ಸವೆದ ಅಜ್ಜಿಯರು ಡಾಕ್ಟರ್ ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸುತ್ತಾರೆ. ಇನ್ನು ಕೆಲವರು ಬಾಳೆದಿಂಡಿನ ರಸ ಶುರು ಮಾಡುತ್ತಾರೆ, ಕಿಡ್ನಿ ಕಲ್ಲಿಗೆ ಕುಡಿದ ಹಾಗೆ. ಕಿಡ್ನಿಯದು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್, ಇದು ಕ್ಯಾಲ್ಸಿಯಂ ಫಾಸ್ಫೇಟ್. ಕಲ್ಲೇ ಬೇರೆ, ಜಾಗವೂ ಬೇರೆ. ದಿಂಡಿನ ಪಲ್ಯ ರುಚಿಗೆ ತಿನ್ನಿ, ಬೇಡ ಅನ್ನುವುದಿಲ್ಲ.

ಹಾಗಾದರೆ ಕಲ್ಲು ಯಾಕೆ ಬಂತು? ಜೊಲ್ಲು ಕಮ್ಮಿಯಾಗಿ, ಮಂದವಾಗಿ, ನಿಂತಲ್ಲೇ ನಿಂತಾಗ ಕಟ್ಟುತ್ತದೆ. ನೂರರಲ್ಲಿ 80ಕ್ಕೂ ಹೆಚ್ಚು ಕಲ್ಲು ದವಡೆಯ ಕೆಳಗಿನ ಗ್ರಂಥಿಯಲ್ಲೇ. ಅದರ ಜೊಲ್ಲು ಮೊದಲೇ ಅಂಟು, ನಾಳ ಉದ್ದ, ಮೇಲಕ್ಕೆ ಹತ್ತಬೇಕು. ಊಟದ ಹೊತ್ತಿಗೆ ಜೊಲ್ಲು ಉಕ್ಕುತ್ತದೆ, ದಾರಿ ಕಟ್ಟಿರುತ್ತದೆ, ಊದುತ್ತದೆ. ಹುಳಿ ಸಾರಿಗೆ ಇನ್ನೂ ಜಾಸ್ತಿ, ಅಲ್ವಾ?

ನಿಮ್ಮ ಶುಗರ್ ತಾನಾಗಿ ಕಲ್ಲು ಕಟ್ಟುವುದಿಲ್ಲ. ಏರಿದಾಗ ಮೂತ್ರ ಜಾಸ್ತಿ ಹೋಗಿ ಬಾಯಿ ಒಣಗಿಸುತ್ತದೆ. ಬಿಪಿಗೆ ಕೊಡುವ ಮೂತ್ರದ ಮಾತ್ರೆ, ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳೂ ಅಷ್ಟೇ. ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಬೀಡಿ ಸಿಗರೇಟು ಸೇದುವವರಲ್ಲೂ, ಬಾಯಿ ಮತ್ತು ಕಣ್ಣು ಎರಡೂ ಒಣಗುವ ಶೋಗ್ರೆನ್ಸ್ ಕಾಯಿಲೆಯವರಲ್ಲೂ ಅಪಾಯ ಹೆಚ್ಚು. ರಕ್ತದಲ್ಲಿ ಯೂರಿಕ್ ಆಮ್ಲ ಏರಿ ಕೀಲು ಊದಿ ನೋಯುವ ಗೌಟ್ ಇದ್ದವರಲ್ಲಿ ಆ ಆಮ್ಲದ ಕಲ್ಲು ಬರಬಹುದು. ಕ್ಯಾಲ್ಸಿಯಂ ಹಿಡಿತದಲ್ಲಿಡುವ, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟು ರಕ್ತದ ಕ್ಯಾಲ್ಸಿಯಂ ಏರುವುದೂ ಉಂಟು, ಅದು ಅಪರೂಪ. ಅಲ್ಲೂ ತಪ್ಪು ಗ್ರಂಥಿಯದು, ನಿಮ್ಮ ಬೋರಿನದ್ದಲ್ಲ. ಎಷ್ಟೋ ಜನರಿಗಂತೂ ಇದ್ಯಾವುದೂ ಇಲ್ಲದೆಯೂ ಬರುತ್ತದೆ.

ಸಣ್ಣ ಕಲ್ಲಾದರೆ ನೀರು ಚೆನ್ನಾಗಿ ಕುಡಿದು, ನಿಂಬೆಹೋಳು ಚೀಪಿ, ದವಡೆಯ ಕೆಳಗೆ ಹಿಂದಿನಿಂದ ಮುಂದಕ್ಕೆ ನೀವಿದರೆ ಕೆಲವೊಮ್ಮೆ ತಾನೇ ಜಾರಿ ಬರುತ್ತದೆ. ಜ್ವರ ಬಂದರೆ, ನಾಲಿಗೆಯ ಕೆಳಗೆ ಕೀವು ಕಂಡರೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕನ್ನಡಿ ಹಿಡಿದು ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗ ನೋಡಿಕೊಳ್ಳಿ. ಹಳದಿ ಗಾರೆ ಅಲ್ಲೇ ಜಾಸ್ತಿ ಕಟ್ಟಿರುತ್ತದೆ. ಬ್ರಷ್ ತಲುಪದ್ದು ಒಂದು ಕಾರಣ. ಇನ್ನೊಂದು, ಅದೇ ಗ್ರಂಥಿಯ ನಾಳ ನಾಲಿಗೆಯ ಕೆಳಗೆ, ಆ ಹಲ್ಲುಗಳ ಎದುರಿಗೇ ತೆರೆದುಕೊಳ್ಳುತ್ತದೆ. ಜೊಲ್ಲಿನ ಕ್ಯಾಲ್ಸಿಯಂ ಹಲ್ಲಿನ ಮೇಲಿನ ಪಾಚಿಗೆ ಸೇರಿ ಗಟ್ಟಿಯಾಗುತ್ತದೆ. ಮೇಲಿನ ದವಡೆಹಲ್ಲುಗಳ ಕೆನ್ನೆಯ ಬದಿಯಲ್ಲೂ ಇದೇ ಕಥೆ, ಅಲ್ಲಿ ತೆರೆಯುವುದು ಕೆನ್ನೆಯ ಗ್ರಂಥಿಯ ನಾಳ. ಕ್ಲೀನಿಂಗ್‌ಗೆ ಕೂತಾಗ ದಂತವೈದ್ಯರು ಈ ಎರಡು ಜಾಗದಲ್ಲೇ ಜಾಸ್ತಿ ಹೊತ್ತು ಕೆರೆಯುವುದು ಅದಕ್ಕೇ.