ಲಾವಾ ಹಾಕಿಕೊಟ್ಟ ದಾರಿ

ಮುಂಬೈ ಹತ್ತಿರದ ಡೊಂಬಿವಲಿ ಕಡೆಯಿಂದ ದಿನಾ ಸ್ಲೋ ಲೋಕಲ್ ಹಿಡಿಯುವ ನಮ್ಮ ಕನ್ನಡದವರಿಗೆ ಮುಂಬ್ರಾ ಗುಡ್ಡ ಹೊಸದಲ್ಲ. ಕಿಟಕಿ ಪಕ್ಕ ಜಾಗ ಸಿಕ್ಕಿದರೆ ಕಪ್ಪು ಕಲ್ಲಿನ ಗೋಡೆಗಳು, ಮುಂಬ್ರಾ ದೇವಿಯ ಗುಡಿ ಎರಡೂ ಕಾಣುತ್ತವೆ. ರಜೆಯ ದಿನ ಆ ಗೋಡೆಗಳನ್ನು ಹತ್ತಲು ಅವುಗಳ ಬುಡದಲ್ಲಿ ಹಗ್ಗ, ಹೆಲ್ಮೆಟ್ ಹೊತ್ತ ಹುಡುಗರು ಸೇರುತ್ತಾರೆ. ‘ಈ ರೂಟ್ ಸುಲಭ, ಆ ರೂಟ್ ಕಷ್ಟ’ ಅಂತ ಅವರ ಮಾತು. ರೂಟ್ ಅಂದರೆ ಗೋಡೆ ಹತ್ತುವ ದಾರಿ. ದೂರದಿಂದ ನೋಡುವವರಿಗೆ ಮಾತ್ರ ಗೋಡೆಯೆಲ್ಲ ಒಂದೇ ತರಹ. ಅದರಲ್ಲಿ ರೂಟ್ ಎಲ್ಲಿಂದ ಬಂತು?

ಬಹುಪಾಲು ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆಯೇ ನಿಶ್ಚಯವಾಗಿದೆ. ಆಗ ಇಲ್ಲಿ ನೆಲ ಉದ್ದುದ್ದ ಸೀಳಿ ಲಾವಾ ಹೊರಗೆ ಹರಿಯಿತು. ಒಂದು ಸಲವಲ್ಲ, ಮತ್ತೆ ಮತ್ತೆ. ಒಂದು ಹರಿವು ಆರಿ ಕಲ್ಲಾದ ಮೇಲೆ ಅದರ ಮೇಲೆ ಇನ್ನೊಂದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಈ ಬಸಾಲ್ಟ್ ಕಲ್ಲಿನದ್ದೇ. ಪುಣೆಗೆ ಹೋಗುವಾಗ ಖಂಡಾಳ ಘಾಟಿಯ ಬೆಟ್ಟಗಳು ಮೆಟ್ಟಿಲು ಕಡಿದ ಹಾಗೆ ಕಾಣುವುದು ಈ ಪದರಗಳಿಂದಲೇ.

ಹತ್ತುವವರಿಗೆ ಮುಖ್ಯವಾದದ್ದು ಒಂದು ಪದರದ ಒಳಗಿನ ಸಂಗತಿ. ನಡುಭಾಗ ನಿಧಾನವಾಗಿ ಆರುತ್ತದೆ, ಹಾಗಾಗಿ ಗಟ್ಟಿ. ಆರುವಾಗ ಕಲ್ಲು ಕುಗ್ಗುತ್ತದೆ, ಕುಗ್ಗಲು ಜಾಗವಿಲ್ಲದೆ ಬಿರಿಯುತ್ತದೆ. ಕೆರೆ ಬತ್ತಿದಾಗ ಕೆಸರು ಬಿರಿಯುವುದೂ ಹೀಗೇ ಅಲ್ವಾ? ಆದರೆ ಇಲ್ಲಿ ಬಿರುಕು ತಣ್ಣಗಾಗುವ ಮೈಯಿಂದ ನೇರ ಒಳಕ್ಕೆ ಇಳಿಯುತ್ತದೆ. ಲಾವಾ ಚಪ್ಪಟೆಯಾಗಿ ಹರಡಿದ್ದರೆ ಬಿರುಕು ನೆಟ್ಟಗೆ ನಿಲ್ಲುತ್ತದೆ, ಬಿರುಕುಗಳ ನಡುವಿನ ಕಲ್ಲು ಕಂಬಗಳಾಗುತ್ತದೆ. ಅಂಧೇರಿಯ ಗಿಲ್ಬರ್ಟ್ ಹಿಲ್‌ನಲ್ಲಿ, ಸುಮಾರು 60 ಮೀಟರ್ ಎತ್ತರಕ್ಕೆ, ಕಟ್ಟಡಗಳ ನಡುವೆಯೇ ಇಂಥ ಕಂಬಗಳನ್ನು ನೋಡಬಹುದು.

ನೆಟ್ಟಗಿನ ಬಿರುಕು ಅಂದರೆ ಹತ್ತುವವರಿಗೆ ಸಿದ್ಧ ದಾರಿ. ಅಂಗೈ ಹಿಡಿಸುವಷ್ಟು ಅಗಲವಿದ್ದರೆ ಕೈಯನ್ನು ಚಪ್ಪಟೆಯಾಗಿ ಒಳಗೆ ತೂರಿಸಿ, ಹೆಬ್ಬೆರಳನ್ನು ಅಂಗೈ ಕಡೆಗೆ ಮಡಚುತ್ತಾರೆ. ಹೆಬ್ಬೆರಳ ಬುಡದ ಮಾಂಸ ಉಬ್ಬಿ ಕೈ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಹಿಡಿಯಲು ಏನೂ ಇಲ್ಲದಿದ್ದರೂ ಮೈಭಾರ ನಿಲ್ಲುತ್ತದೆ. ಕೈಯ ಹಿಂಬದಿಯ ಚರ್ಮ ತರಚುವುದು ಬೇರೆ ಮಾತು.

ಪದರದ ತಲೆಯ ಕಡೆ ಕಥೆ ಬೇರೆ. ಅನಿಲ ಮೇಲಕ್ಕೇರಿ ಅಲ್ಲಿ ಗುಳ್ಳೆಗಳಾಗಿ ಸಿಕ್ಕಿಬಿದ್ದಿದೆ. ಆಮೇಲೆ ಕಲ್ಲಿನೊಳಗೆ ಇಳಿದ ನೀರು ಅವುಗಳಲ್ಲಿ ಜಿಯೋಲೈಟ್‌ನಂಥ ಖನಿಜ ತುಂಬಿತು. ಪುಣೆ ಹತ್ತಿರದ ವಾಘೋಲಿಯ ಕಲ್ಲುಕ್ವಾರಿಗಳಲ್ಲಿ ಸಿಕ್ಕ ಕಡುನೀಲಿ ಕ್ಯಾವನ್ಸೈಟ್ ಹರಳುಗಳಿಗೆ ಜಗತ್ತಿನೆಲ್ಲೆಡೆ ಬೇಡಿಕೆ. ಹತ್ತುವವರಿಗೆ ಹರಳು ಬೇಡ, ಅದು ಉದುರಿಹೋದ ಗುಳಿ ಬೇಕು. ಎರಡು ಬೆರಳು ಹಿಡಿಸಿದರೂ ಸಾಕು. ಆದರೆ ಈ ಭಾಗ ಗಟ್ಟಿಯಲ್ಲ, ನಂಬಿದರೆ ಕೈಗೇ ಬರುತ್ತದೆ.

ಎರಡು ಹರಿವುಗಳ ನಡುವೆ ಕೆಲವು ಕಡೆ ಕೆಂಪು ಮಣ್ಣಿನಂಥ ಮೆತ್ತನೆ ಪಟ್ಟಿ ಇರುತ್ತದೆ. ಮಳೆ ಅದನ್ನು ಕೊರೆಯುತ್ತದೆ, ಮೇಲಿನ ಗಟ್ಟಿ ಕಲ್ಲು ಸೂರಿನ ಹಾಗೆ ಚಾಚಿಕೊಳ್ಳುತ್ತದೆ. ಸೂರಿನ ಅಡಿ ಹೆಜ್ಜೇನು ಗೂಡು ಕಟ್ಟಿದರೆ ಆ ರೂಟ್ ಆ ವರ್ಷಕ್ಕೆ ಮುಚ್ಚಿದಂತೆಯೇ. ನನ್ನನ್ನು ಕೇಳಿದರೆ ಎತ್ತರಕ್ಕಿಂತ ಅದಕ್ಕೇ ಜಾಸ್ತಿ ಹೆದರಬೇಕು.

ಊರ ಕಡೆ ಹತ್ತಿ ಕಲಿತವರಿಗೆ ಇದೆಲ್ಲ ವಿಚಿತ್ರ ಅನ್ನಿಸುತ್ತದೆ. ರಾಮನಗರದ ಬೋಳು ಬಂಡೆಯಲ್ಲಿ ಪಾದದ ಘರ್ಷಣೆಯನ್ನೇ ನಂಬಬೇಕು. ಬಾದಾಮಿಯ ಮರಳುಗಲ್ಲಿನಲ್ಲಿ ಅಡ್ಡಡ್ಡ ಪದರಗಳಿವೆ, ಹಿಡಿಕೆಗಳೂ ಅಡ್ಡಕ್ಕೆ ಸಿಗುತ್ತವೆ. ಸಹ್ಯಾದ್ರಿಯಲ್ಲಿ ಕಲ್ಲಿನ ಸ್ವಭಾವ ನೋಡಿಯೇ ಮುಂದಕ್ಕೆ ಹೋಗಬೇಕು. ಮುಂಬ್ರಾದಲ್ಲಿ ಒಬ್ಬ ಹುಡುಗ, ಅಪ್ಪ ಥಾಣೆ ನಗರದಲ್ಲಿ ಉಡುಪಿ ಹೋಟೆಲ್ ನಡೆಸುತ್ತಾರಂತೆ, ಬೆರಳ ಗೆಣ್ಣಿನಿಂದ ಕಲ್ಲು ತಟ್ಟಿ ತೋರಿಸಿದ. “ಅಣ್ಣಾ, ಇದು ಕೇಳಿ. ಈಗ ಇದು ಕೇಳಿ.” ಮೊದಲನೆಯದು ಸದ್ದೇ ಇಲ್ಲದಷ್ಟು ಗಟ್ಟಿ. ಎರಡನೆಯದು ಡಬ್ ಡಬ್. ಹಿಂದೆ ಬಿರುಕು ಸುತ್ತುವರಿದು ಕಲ್ಲು ಬೇರೆಯಾಗಿದೆ, ಸುಮ್ನೆ ನಿಂತಿದೆ ಅಷ್ಟೇ. ಅವನು ಅದನ್ನು ಮುಟ್ಟದೆ ಬಲಕ್ಕೆ ಸರಿದ. ರೂಟ್ ಅಲ್ಲಿ ಸೊಟ್ಟಗಾಗಲು ಕಾರಣ ಅದೇ.

ಬಿರುಕಿಲ್ಲದ ಕಡೆ ಹಗ್ಗ ಸಿಕ್ಕಿಸಲು ಬೋಲ್ಟ್ ಹಾಕುತ್ತಾರೆ. ಡ್ರಿಲ್‌ನಿಂದ ತೂತು ಕೊರೆದು, ಪುಡಿ ಊದಿ ತೆಗೆದು, ಬೋಲ್ಟ್ ಬಿಗಿದರೆ ಅದರ ಕೊಳವೆ ಅಗಲಗೊಂಡು ಕಲ್ಲನ್ನು ಕಚ್ಚುತ್ತದೆ. ಪದರದ ಗಟ್ಟಿ ನಡುಭಾಗದಲ್ಲಿ ಅದು ಚೆನ್ನಾಗಿ ನಿಲ್ಲುತ್ತದೆ. ಗುಳ್ಳೆ ತುಂಬಿದ ಕಡೆ ಕಚ್ಚಲು ಕಲ್ಲೇ ಕಡಿಮೆ. ಇದರ ಮೇಲೆ ಕಡಲ ಗಾಳಿಯ ಉಪ್ಪು. ಅದರಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಕಣ್ಣಿಗೆ ಕಾಣದ ಸೀಳುಗಳನ್ನು ಎಬ್ಬಿಸಬಲ್ಲದು. ಥಾಯ್ಲೆಂಡಿನ ಕಡಲ ದಂಡೆಯ ಬಂಡೆಗಳಲ್ಲಿ ಅಂಥ ಬೋಲ್ಟ್‌ಗಳು ಮುರಿದ ಮೇಲೆಯೇ ಟೈಟಾನಿಯಂ ಹಾಕಲು ಶುರುಮಾಡಿದ್ದು. ಹಾಗಾಗಿ ಹಳೇ ಬೋಲ್ಟ್ ಹೊಳೆಯುತ್ತಿದೆ ಎಂದು ನಂಬಿ ನೇತಾಡಬೇಡಿ. ಯಾವಾಗ ಹಾಕಿದ್ದು, ಯಾವ ಲೋಹದ್ದು ಎಂದು ಅಲ್ಲಿ ವರ್ಷಗಟ್ಟಲೆ ಹತ್ತುತ್ತಿರುವವರನ್ನು ಕೇಳಿ. ಮಳೆಗಾಲ ಕಳೆದ ಮೇಲಂತೂ ಕೇಳಲೇಬೇಕು.