ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಅದರ ಚಾರ್ಜರ್ ನೋಡಿ

ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ನಮ್ಮ ಅಂಗಡಿಗೆ ಬರುವವರ ಬಾಯಲ್ಲಿ ಒಂದೇ ಪ್ರಶ್ನೆ: "ಸರ್, ಇಂಜಿನಿಯರಿಂಗ್‌ಗೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕಂತೆ, ಹೌದಾ?" ಕೇಳುವವರು ಸಾಮಾನ್ಯವಾಗಿ ಅಪ್ಪ. ಹಾಗಂತ ಅವರಿಗೆ ಹೇಳಿರುವುದು ಪರಿಚಯದ ಯಾರೋ ಸೀನಿಯರ್ ಹುಡುಗ. ಓದಬೇಕಾದ ಮಗಳು ಪಕ್ಕದಲ್ಲಿ ಸುಮ್ನೆ ನಿಂತಿರುತ್ತಾಳೆ. ನಾನು ಲ್ಯಾಪ್‌ಟಾಪ್ ಮಾರುತ್ತೇನೆ, ರಿಪೇರಿಯನ್ನೂ ಮಾಡುತ್ತೇನೆ. ಮಾರುವಾಗ ಗೊತ್ತಾಗದ್ದು ರಿಪೇರಿಗೆ ಬಂದಾಗ ಗೊತ್ತಾಗುತ್ತದೆ. ಎಂಬತ್ತು ಸಾವಿರ ಕೊಟ್ಟು ತಂದ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಷ ಬರೀ ಪಿಡಿಎಫ್ ಓದಿರುತ್ತಾರೆ. ಇನ್ನೊಬ್ಬರು ಮೂವತ್ತು ಸಾವಿರದ ಲ್ಯಾಪ್‌ಟಾಪ್‌ನಲ್ಲಿ ಕಟ್ಟಡದ ತ್ರೀಡಿ ಚಿತ್ರ ಮೂಡಿಸಲು (ರೆಂಡರ್‌ಗೆ) ಹಾಕಿ ರಾತ್ರಿಯೆಲ್ಲ ಕಾದಿರುತ್ತಾರೆ. ಇಬ್ಬರ ದುಡ್ಡೂ ದಂಡವಾದದ್ದು ನೋಡಿದರೆ ಸಂಕಟವಾಗುತ್ತದೆ.

ಹೀಗೆ ಬಂದವರ ಕೈಗೆ ನಾನು ಮೊದಲು ಎರಡು ಚಾರ್ಜರ್ ಕೊಡುತ್ತೇನೆ. ದಿನಬಳಕೆಯ ಲ್ಯಾಪ್‌ಟಾಪ್‌ನ ಚಾರ್ಜರ್ ಮೇಲೆ 45 ಇಲ್ಲವೇ 65 ವ್ಯಾಟ್ ಅಂತ ಬರೆದಿರುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಗೇಮಿಂಗ್ ಲ್ಯಾಪ್‌ಟಾಪ್‌ನದು 150ರಿಂದ 240 ವ್ಯಾಟ್, ಕೆಲವು ಅದಕ್ಕೂ ಜಾಸ್ತಿ. ಇಟ್ಟಿಗೆಯಂಥದ್ದು, ಅದೊಂದೇ ಅರ್ಧ ಕೆಜಿ ದಾಟುತ್ತದೆ. ಈ ಎರಡು ಬಗೆಯ ಲ್ಯಾಪ್‌ಟಾಪ್‌ಗಳ ನಡುವಿನ ಎಲ್ಲ ವ್ಯತ್ಯಾಸವೂ ಹುಟ್ಟುವುದು ಈ ಒಂದು ಅಂಕಿಯಿಂದ.

ಹೇಗೆ ಅಂತೀರಾ? ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಅಂತ, ತ್ರೀಡಿ ಚಿತ್ರ ಮೂಡಿಸುವ ಬೇರೆಯೇ ಚಿಪ್ ಇರುತ್ತದೆ. ಈ ಪ್ರೊಸೆಸರ್, ಕಾರ್ಡ್ ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. 15 ವ್ಯಾಟ್‌ನ ಬಿಸಿಯನ್ನು ಒಂದು ಚಿಕ್ಕ ಫ್ಯಾನ್ ಆರಾಮಾಗಿ ಹೊರಹಾಕುತ್ತದೆ. 150 ವ್ಯಾಟ್‌ಗೆ ಎರಡು ದೊಡ್ಡ ಫ್ಯಾನ್, ತಾಮ್ರದ ದಪ್ಪ ಕೊಳವೆಗಳು, ಗಾಳಿ ಆಡಲು ಜಾಗ ಬೇಕು. ಅದಕ್ಕೇ ಲ್ಯಾಪ್‌ಟಾಪ್ ದಪ್ಪವಾಗುತ್ತದೆ, ಸದ್ದು ಮಾಡುತ್ತದೆ, ತೂಕ 2.3 ಕೆಜಿ ಆಸುಪಾಸಿಗೆ ಹೋಗುತ್ತದೆ. ಚಾರ್ಜರ್ ಸೇರಿಸಿದರೆ ಬ್ಯಾಗಿನಲ್ಲಿ ಹತ್ತಿರ ಹತ್ತಿರ ಮೂರು ಕೆಜಿ. ದಿನಬಳಕೆಯದು ಒಂದೂವರೆಯಿಂದ 1.7 ಕೆಜಿ. ದಿನಾ ಎರಡು ಬಸ್ ಬದಲಿಸಿ ಕಾಲೇಜಿಗೆ ಹೋಗುವ ಮಗಳಿಗೆ ಈ ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತದೆ.

ಬ್ಯಾಟರಿ ಲೆಕ್ಕವೂ ಇದೇ. ಬ್ಯಾಟರಿ ಎಷ್ಟು ದೊಡ್ಡದು ಅನ್ನುವುದನ್ನು ವ್ಯಾಟ್-ಅವರ್‌ನಲ್ಲಿ ಹೇಳುತ್ತಾರೆ. 50 ವ್ಯಾಟ್-ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಬರೆಯುವುದು, ಓದುವುದು ಮಾಡುವಾಗ 8 ವ್ಯಾಟ್ ಎಳೆದರೆ ಆರು ಗಂಟೆ ಬಂತು. ಗೇಮಿಂಗ್ ಲ್ಯಾಪ್‌ಟಾಪ್ ಅದೇ ಕೆಲಸಕ್ಕೆ 15 ವ್ಯಾಟ್ ಎಳೆಯುವುದು ಮಾಮೂಲು. ಆಗ ಅಷ್ಟೇ ಬ್ಯಾಟರಿ ಮೂರು ಗಂಟೆ ಚಿಲ್ಲರೆಗೆ ಖಾಲಿ. ಗೇಮ್ ಹಾಕಿದರೆ ಒಂದು ಗಂಟೆ ಬಂದರೆ ಹೆಚ್ಚು. "ಹಾಗಾದರೆ ದೊಡ್ಡ ಬ್ಯಾಟರಿ ಇಡಬಹುದಲ್ವಾ?" ಅಂತ ಕೇಳುತ್ತಾರೆ. ವಿಶೇಷ ಅನುಮತಿ ಇಲ್ಲದೆ ವಿಮಾನದಲ್ಲಿ ಒಯ್ಯಲು ಬ್ಯಾಟರಿಗೆ 100 ವ್ಯಾಟ್-ಅವರ್ ಮಿತಿ ಇದೆ. ಅದಕ್ಕೇ ಎಷ್ಟೇ ದುಬಾರಿ ಲ್ಯಾಪ್‌ಟಾಪ್ ಆದರೂ ಬ್ಯಾಟರಿ ಆ ಗೆರೆಯ ಒಳಗೇ ನಿಲ್ಲುತ್ತದೆ. ಅಲ್ಲದೆ ಬ್ಯಾಟರಿಯಿಂದ ಒಂದೇ ಸಲಕ್ಕೆ 150 ವ್ಯಾಟ್ ಎಳೆಯಲು ಬಿಡುವುದಿಲ್ಲ. ಪ್ಲಗ್ ಕಿತ್ತ ತಕ್ಷಣ ಗ್ರಾಫಿಕ್ಸ್ ಕಾರ್ಡ್‌ನ ವೇಗವೇ ಇಳಿಯುತ್ತದೆ. ಅಂದರೆ ಗೇಮಿಂಗ್ ಲ್ಯಾಪ್‌ಟಾಪ್‌ನ ಪೂರ್ತಿ ಶಕ್ತಿ ಸಿಗುವುದು ಗೋಡೆಯ ಪ್ಲಗ್ ಪಕ್ಕದಲ್ಲಿ ಮಾತ್ರ. ಕೊಳ್ಳುವವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಆಮೇಲೆ ನಾನು ಮಗಳನ್ನೇ ಕೇಳುತ್ತೇನೆ: "ಯಾವ ಬ್ರಾಂಚಮ್ಮಾ? ಹಾಸ್ಟೆಲ್ಲೋ, ಮನೆಯಿಂದ ಓಡಾಟವೋ?"

ಕಂಪ್ಯೂಟರ್ ಸೈನ್ಸ್ ಅಂದರೆ ಮೊದಲ ವರ್ಷಗಳ ಸಿ, ಪೈಥಾನ್, ಜಾವಾ ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ. ಅಲ್ಲಿ ಬೇಕಾದ್ದು ರ‍್ಯಾಮ್. ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ ತೆರೆದು, ಅದರಲ್ಲೇ ನಕಲಿ ಫೋನ್ ಓಡಿಸುವ ಎಮ್ಯುಲೇಟರ್ ಹಾಕಿ, ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ಬಿಟ್ಟುಕೊಂಡರೆ 8 ಜಿಬಿ ಉಸಿರುಗಟ್ಟುತ್ತದೆ. 16 ಜಿಬಿ ಇರಲೇಬೇಕು. ಎಐ, ಮೆಷಿನ್ ಲರ್ನಿಂಗ್ ಅಂದಾಗ ಮಾತು ಸ್ವಲ್ಪ ಬೇರೆ. ಆ ಕ್ಷೇತ್ರದ ಬಹಳಷ್ಟು ಸಾಫ್ಟ್‌ವೇರ್ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ನಂಬಿಕೊಂಡಿದೆ ಅನ್ನುವುದು ನಿಜ. ಆದರೆ ಕಲಿಯುವ ಹಂತದ ಕೆಲಸವನ್ನು ಗೂಗಲ್ ಕೊಲ್ಯಾಬ್, ಕ್ಯಾಗಲ್ ಅನ್ನುವ ವೆಬ್‌ಸೈಟ್‌ಗಳಲ್ಲಿ ಉಚಿತವಾಗಿ ಸಿಗುವ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಮಾಡಬಹುದು. ದೊಡ್ಡ ಮಾಡೆಲ್ ಅಂತೂ ಲ್ಯಾಪ್‌ಟಾಪ್ ಕಾರ್ಡ್‌ನ 6 ಜಿಬಿ ಮೆಮೊರಿಯಲ್ಲಿ ಹಿಡಿಸುವುದೇ ಇಲ್ಲ.

ಮೆಕ್ಯಾನಿಕಲ್, ಸಿವಿಲ್‌ನವರಿಗೆ ಹೆದರಿಸುವವರು ಜಾಸ್ತಿ. ವಿಟಿಯು ಮೊದಲ ವರ್ಷದ ಸಿಎಇಡಿ (ಕಂಪ್ಯೂಟರ್‌ನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್) ವಿಷಯದ ಡ್ರಾಯಿಂಗ್‌ಗಳು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಆಗುತ್ತವೆ. ನೂರಾರು ಭಾಗಗಳ ಅಸೆಂಬ್ಲಿ ಮಾಡುವವರಿಗೆ, ಕಟ್ಟಡದ ತ್ರೀಡಿ ಓಡಾಟ ತೋರಿಸಬೇಕಾದವರಿಗೆ ಕಾರ್ಡ್ ಬೇಕು. ಆರ್ಕಿಟೆಕ್ಚರ್ ವಿದ್ಯಾರ್ಥಿಗೆ ನಾನು ಎರಡನೇ ಮಾತಿಲ್ಲದೆ ಗೇಮಿಂಗ್ ಲ್ಯಾಪ್‌ಟಾಪೇ ಹೇಳುತ್ತೇನೆ. ಕಟ್ಟಡವನ್ನು ತ್ರೀಡಿಯಲ್ಲಿ ತೋರಿಸುವ ಲುಮಿಯಾನ್‌ನಂಥ ಸಾಫ್ಟ್‌ವೇರ್ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮುಂದೆ ಹೋಗುವುದಿಲ್ಲ. ಬ್ಲೆಂಡರ್‌ನಲ್ಲಿ ಅನಿಮೇಷನ್ ಮಾಡುವವರು, ಡಾವಿಂಚಿ ರಿಸಾಲ್ವ್‌ನಲ್ಲಿ ದಿನಾ ವಿಡಿಯೊ ಎಡಿಟ್ ಮಾಡುವ ಮದುವೆ ಫೋಟೊಗ್ರಾಫರ್‌ಗಳಿಗೂ ಇದೇ ಮಾತು. ಟ್ಯಾಲಿ, ಎಕ್ಸೆಲ್, ನುಡಿಯಲ್ಲಿ ಟೈಪಿಂಗ್, ಆನ್‌ಲೈನ್ ಪಾಠ ಇಷ್ಟೇ ಇದ್ದರೆ ದಿನಬಳಕೆಯದು ಸಾಕು, ಚರ್ಚೆಯೇ ಬೇಡ.

ಮ್ಯಾಕ್‌ಬುಕ್ ಏರ್ ಕೇಳುವವರೂ ಇದ್ದಾರೆ. ಬ್ಯಾಟರಿ ಚೆನ್ನಾಗಿದೆ, ಫ್ಯಾನೇ ಇಲ್ಲ, ಸದ್ದಿಲ್ಲ. ಆದರೆ ಯಂತ್ರಭಾಗ, ಕಟ್ಟಡಗಳ ವಿನ್ಯಾಸಕ್ಕೆ ಬಳಸುವ ಸಾಲಿಡ್‌ವರ್ಕ್ಸ್, ರೆವಿಟ್ ಮ್ಯಾಕ್‌ಗೆ ಬರುವುದಿಲ್ಲ. ಸಿಲಬಸ್‌ನಲ್ಲಿ ಅವು ಇದ್ದರೆ ಆಸೆ ಬಿಡಬೇಕು.

ಸರಿ, ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ತೀರ್ಮಾನವಾಯಿತು ಅನ್ನೋಣ. ಇಲ್ಲೇ ಜನ ಅತಿ ಹೆಚ್ಚು ಮೋಸ ಹೋಗುವುದು. ಕಾರ್ಡ್‌ನ ಹೆಸರು ಒಂದೇ ಇದ್ದರೆ ವೇಗವೂ ಒಂದೇ ಅಂದುಕೊಳ್ಳುತ್ತಾರೆ. ಉದಾಹರಣೆಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಕಾರ್ಡನ್ನೇ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಕೊಡಬೇಕು ಅನ್ನುವುದನ್ನು ಎನ್‌ವಿಡಿಯಾ ಲ್ಯಾಪ್‌ಟಾಪ್ ತಯಾರಿಸುವ ಕಂಪನಿಗೇ ಬಿಟ್ಟಿದೆ. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಕಡಿಮೆ ವ್ಯಾಟ್‌ಗೆ ಕಟ್ಟಿಹಾಕಿದ 4060, ಪೂರ್ತಿ ವ್ಯಾಟ್ ಸಿಕ್ಕ ಕೆಳಗಿನ ದರ್ಜೆಯ 4050ಗಿಂತ ಹಿಂದೆ ಬೀಳಬಹುದು. ಸ್ಪೆಸಿಫಿಕೇಷನ್ ಹಾಳೆಯಲ್ಲಿ ಟಿಜಿಪಿ (ಕಾರ್ಡ್‌ಗೆ ಸಿಗುವ ಗರಿಷ್ಠ ವ್ಯಾಟ್) ಅಂತ ಒಂದು ಸಾಲು ಇರುತ್ತದೆ. ಅದು ಕಾಣದಿದ್ದರೆ ಮತ್ತೆ ಚಾರ್ಜರ್ ನೋಡಿ. ಪ್ರೊಸೆಸರ್, ಪರದೆ, ಕಾರ್ಡ್ ಎಲ್ಲಕ್ಕೂ ಅದೇ ಕೊಡಬೇಕು. 120 ವ್ಯಾಟ್ ಚಾರ್ಜರ್ ಇಟ್ಟುಕೊಂಡು ಕಾರ್ಡ್ ಒಂದಕ್ಕೇ 115 ವ್ಯಾಟ್ ಎಲ್ಲಿಂದ ತರುತ್ತದೆ?

ಅರವತ್ತು ಸಾವಿರದ ಒಳಗೆ ಬರುವ, ಹಳೆಯ 4 ಜಿಬಿ ಕಾರ್ಡ್‌ನ ಗೇಮಿಂಗ್ ಲ್ಯಾಪ್‌ಟಾಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಹೊಸ ಗೇಮ್‌ಗಳಿಗೆ 4 ಜಿಬಿ ಸಾಲದು. ತೂಕ, ಸದ್ದು, ಬ್ಯಾಟರಿಯ ತಾಪತ್ರಯ ಮಾತ್ರ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್‌ನಷ್ಟೇ. ಪರದೆ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುತ್ತದೆ) ಅಂತ ದೊಡ್ಡದಾಗಿ ಹಾಕಿರುತ್ತಾರೆ, ಬಣ್ಣದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಇರುತ್ತದೆ. ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆ ಅದು. ಅಂಥ ಪರದೆಯಲ್ಲಿ ಕೆಂಪು ಬಣ್ಣವೂ ಸರಿಯಾಗಿ ಕೆಂಪಾಗಿ ಕಾಣುವುದಿಲ್ಲ. ಫೋಟೊ ಕೆಲಸದವರು ದಯವಿಟ್ಟು ಕೊಳ್ಳಬೇಡಿ.

ಅದೇ ದುಡ್ಡಿಗೆ ಒಂದು ನಡುದಾರಿ ಇದೆ, ಬಹುಪಾಲು ಇಂಜಿನಿಯರಿಂಗ್ ಮಕ್ಕಳಿಗೆ ನಾನು ಹೇಳುವುದು ಅದನ್ನೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಆದರೆ ಹೆಸರು ಎಚ್ ಅಕ್ಷರದಲ್ಲಿ ಮುಗಿಯುವ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಇಂಟೆಲ್‌ನ ಐ5-1334ಯು ನೋಡಿ, ಹತ್ತು ಕೋರ್, ಅಂದರೆ ಲೆಕ್ಕ ಮಾಡುವ ಹತ್ತು ಘಟಕ. ಐ5-13420ಎಚ್‌ನಲ್ಲಿ ಎಂಟೇ. ಹತ್ತು ದೊಡ್ಡದು ಅಂತ ಜನ ಯು ತಗೊಳ್ಳುತ್ತಾರೆ. ಆದರೆ ಯುನಲ್ಲಿ ಗಟ್ಟಿ ಕೋರ್ ಎರಡು, ಉಳಿದ ಎಂಟು ಸಣ್ಣವು. ಎಚ್‌ನಲ್ಲಿ ಗಟ್ಟಿಯವು ನಾಲ್ಕು, ಸಣ್ಣವು ನಾಲ್ಕು. ಯುಗೆ ಗೊತ್ತುಮಾಡಿದ ಮೂಲ ವ್ಯಾಟ್ 15, ಎಚ್‌ಗೆ 45. ತುಂಬಾ ಹೊತ್ತು ಎಳೆಯುವ ಕೆಲಸದಲ್ಲಿ ಎಚ್ ಮುಂದೆ ನಿಲ್ಲುತ್ತದೆ. ಇದಕ್ಕೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್ಎಸ್‌ಡಿ ಇದ್ದರೆ ನಾಲ್ಕು ವರ್ಷದ ಓದು ನೆಮ್ಮದಿಯಾಗಿ ಸಾಗುತ್ತದೆ. ವ್ಯಾಲೊರಂಟ್‌ನಂಥ ಹಗುರ ಗೇಮ್ ಕೂಡ ಓಡುತ್ತದೆ.

ಎಎಮ್‌ಡಿಯ 7ರಿಂದ ಶುರುವಾಗುವ ನಾಲ್ಕಂಕಿಯ ರೈಜನ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು. ಚಿಪ್ ಯಾವ ತಲೆಮಾರಿನದು ಅಂತ ಹೇಳುವುದು ಅದೇ. ರೈಜನ್ 5 7520ಯುನಲ್ಲಿ ಮೂರನೆಯದು 2. ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ, ಕೋರ್ ನಾಲ್ಕೇ. 7530ಯು ಅದರ ನಂತರದ ಝೆನ್ 3, ಆರು ಕೋರ್. ಹೆಸರಿನಲ್ಲಿ ಹತ್ತರ ವ್ಯತ್ಯಾಸ, ಕೆಲಸದಲ್ಲಿ ಬಹಳ. ಇನ್ನೊಂದು ವಿಷಯ, 7520ಯುನಲ್ಲಿ ರ‍್ಯಾಮ್ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿ ಬಂದಿರುತ್ತದೆ. 8 ಜಿಬಿ ತಗೊಂಡರೆ ಕೊನೆತನಕ 8 ಜಿಬಿಯೇ. ಸ್ಲಾಟ್ ಖಾಲಿ ಇದೆಯಾ ಅಂತ ಕೊಳ್ಳುವಾಗಲೇ ಕೇಳಿ. ಎಐ ಸರ್ವರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಆಗಿನಿಂದ "ಆಮೇಲೆ ಹಾಕಿಸಿದರಾಯ್ತು" ಅನ್ನುವವರಿಗೆ ನಾನು ಈಗಲೇ 16 ಜಿಬಿ ತಗೊಳ್ಳಿ ಅನ್ನುತ್ತಿದ್ದೇನೆ.

ತೀರಾ ಅಗ್ಗದ, ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಮ್ಎಮ್‌ಸಿ (ಎಸ್ಎಸ್‌ಡಿ ಬದಲು ಹಾಕುವ ನಿಧಾನದ ಸ್ಟೋರೇಜ್) ಇರುವ ಲ್ಯಾಪ್‌ಟಾಪ್ ಮುಟ್ಟಲೇಬೇಡಿ. ಆ 64 ಜಿಬಿಯಲ್ಲಿ ದೊಡ್ಡ ಪಾಲನ್ನು ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ತಿನ್ನುತ್ತವೆ. ಅಷ್ಟೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ಎಷ್ಟೋ ಮೇಲು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಆಮೇಲಿನದ್ದಾ, ವಿಂಡೋಸ್ 11 ಹಾಕಬಹುದಾ ಅಂತ ನೋಡಿ ತಗೊಳ್ಳಿ.

ಗೇಮಿಂಗ್ ಲ್ಯಾಪ್‌ಟಾಪ್ ತಂದ ಮೇಲೆ ಸಾಕುವ ಖರ್ಚೂ ಇದೆ. ಮೊನ್ನೆ ಒಬ್ಬ ಹುಡುಗ ತಂದ. "ಅಣ್ಣಾ, ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಕಟ್ ಕಟ್ ಅನ್ನುತ್ತೆ." ಕೆಳಗಿನ ಮುಚ್ಚಳ ಬಿಚ್ಚಿದೆ. ಫ್ಯಾನ್‌ಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು, ಹಾಸಿಗೆಯ ನೂಲು, ಕೂದಲು ಸೇರಿ ದಪ್ಪ ಪದರ ಕಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ಚಿಪ್‌ನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿತ್ತು. ಎರಡನ್ನೂ ಸರಿಮಾಡಿದ ಮೇಲೆ ಲ್ಯಾಪ್‌ಟಾಪ್ ಮೊದಲಿನಂತಾಯಿತು. ಗಾಳಿ ಒಳಗೆ ಹೋಗುವ ಕಿಂಡಿ ಕೆಳಗಡೆ ಇರುತ್ತದೆ. ಹಾಸಿಗೆ ಮೇಲಿಟ್ಟರೆ ಅದು ಮುಚ್ಚಿಹೋಗುತ್ತದೆ. ವರ್ಷಕ್ಕೊಮ್ಮೆ ಧೂಳು ತೆಗೆಸಿ. ಬಿಸಿಯಲ್ಲೇ ಬಿಟ್ಟು ಕಾರ್ಡ್ ಕೆಟ್ಟರೆ ಅದೊಂದನ್ನೇ ಬದಲಿಸಲು ಸುಲಭವಿಲ್ಲ, ಅದೂ ಮದರ್‌ಬೋರ್ಡ್‌ಗೇ ಬೆಸೆದಿರುತ್ತದೆ.

ಇನ್ನೊಂದು ದೂರು ಬರುತ್ತಲೇ ಇರುತ್ತದೆ: "ಟಚ್‌ಪ್ಯಾಡ್ ಕ್ಲಿಕ್ ಆಗ್ತಾ ಇಲ್ಲ." ತೆಗೆದು ನೋಡಿದರೆ ಟಚ್‌ಪ್ಯಾಡ್ ಸರಿಯಾಗೇ ಇರುತ್ತದೆ. ಅದರ ಕೆಳಗಿನ ಬ್ಯಾಟರಿ ಊದಿಕೊಂಡು ಮೇಲಕ್ಕೆ ಒತ್ತುತ್ತಿರುತ್ತದೆ. ಸದಾ ಪ್ಲಗ್‌ನಲ್ಲೇ ಇದ್ದು, ಬಿಸಿಯಲ್ಲಿ, ನೂರು ಪರ್ಸೆಂಟ್ ಚಾರ್ಜ್‌ನಲ್ಲೇ ವರ್ಷಗಟ್ಟಲೆ ಕಳೆದರೆ ಹೀಗಾಗುತ್ತದೆ. ಅಂಥ ಲ್ಯಾಪ್‌ಟಾಪ್ ತಕ್ಷಣ ಆಫ್ ಮಾಡಿ, ಒತ್ತಬೇಡಿ, ಚುಚ್ಚಬೇಡಿ, ತಂದು ತೋರಿಸಿ. ಹೊಸದು ತಂದ ದಿನವೇ ಕಂಪನಿಯ ಆ್ಯಪ್ ತೆರೆದು ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲುವಂತೆ ಸೆಟ್ಟಿಂಗ್ ಮಾಡಿಡಿ. ಕಾಲೇಜಿಗೆ ಒಯ್ಯುವ ದಿನ ಮಾತ್ರ ನೂರಕ್ಕೆ ಏರಿಸಿ. ಅದೇ ಆ್ಯಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಆಫ್ ಮಾಡುವ ಆಯ್ಕೆಯೂ ಹೆಚ್ಚಿನವುಗಳಲ್ಲಿ ಇರುತ್ತದೆ. ಕ್ಲಾಸಿನಲ್ಲಿ ಅದನ್ನು ಆಫ್ ಮಾಡಿ, ಪರದೆಯನ್ನು 60 ಹರ್ಟ್ಸ್‌ಗೆ ಇಳಿಸಿದರೆ ಬ್ಯಾಟರಿ ಇನ್ನೂ ಒಂದಷ್ಟು ಹೊತ್ತು ಬರುತ್ತದೆ.

ಚಾರ್ಜರ್‌ನ ಮೂರು ಪಿನ್ ಪ್ಲಗ್‌ಗೆ ಎರಡು ಪಿನ್‌ನ ಕನ್ವರ್ಟರ್ ಹಾಕಬೇಡಿ. ಅರ್ಥಿಂಗ್ ಇಲ್ಲದ ಕಡೆ ಲೋಹದ ಬಾಡಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಹಾಗೆ ಅನಿಸಿದರೆ ಲ್ಯಾಪ್‌ಟಾಪ್ ರಿಪೇರಿಗೆ ತರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ.